ಬೆಳಗಿನ ಅಮೋನಿಯಾ

ಮಾರ್ಚ್ 4

ಮೊಂಡಿ,

ಹದಿನೈದು ದಿನದಲ್ಲಿ ಮೂರು ಸಲ, ನನ್ನ ಮಾತು ಮುಗಿಯುವ ಮೊದಲೇ ಫೋನ್ ಕುಕ್ಕಿದ್ದೀಯ. ಮೊದಲ ಸಲ ಲೈನ್ ಕಡಿದುಹೋಯಿತು ಎಂದುಕೊಂಡೆ. ಎರಡನೆಯ ಸಲ ಅನುಮಾನ ಬಂತು. ಮೂರನೆಯ ಸಲ ನಿನ್ನ ಭಾವ ಪಕ್ಕದಲ್ಲೇ ಕೂತಿದ್ದರು. "ಡಾಕ್ಟರಮ್ಮ ಮತ್ತೆ ಇಟ್ಟುಬಿಟ್ಲಾ?" ಎಂದು ಕೇಳಿ, ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ನಕ್ಕರು. ಅದಕ್ಕೇ ಈ ಕಾಗದ. ಕಾಗದವನ್ನು ಅರ್ಧಕ್ಕೆ ಕುಕ್ಕಲು ಬರುವುದಿಲ್ಲ. ಹರಿದು ಹಾಕಬಹುದು. ಹಾಕು, ಇನ್ನೊಂದು ಬರೆಯುತ್ತೇನೆ.

ಜಗಳ ಶುರುವಾದದ್ದು ಆ ಪತ್ರಿಕೆಯಿಂದಲೇ. ಹೆಬ್ಬೆರಳಿನ ಉಗುರಿನಷ್ಟು ಲೋಹದ ತುಂಡನ್ನು ಚಿಮುಟದಲ್ಲಿ ಹಿಡಿದು ನೀನು ನಿಂತ ಫೋಟೋ. ಕೆಳಗೆ, ಗಾಳಿ ನೀರು ಕರೆಂಟಿನಿಂದ ಅಮೋನಿಯಾ, ಇನ್ನು ಹೊಗೆಯಿಲ್ಲದೆ ಗೊಬ್ಬರ ಎಂಬ ಸುದ್ದಿ. ನಮ್ಮ ಗೊಬ್ಬರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅದನ್ನು ಓದದವರಿಲ್ಲ. ನಿಮ್ಮ ತಂಗಿ ನಮ್ಮ ಕುಲುಮೆ ಆರಿಸುತ್ತಾಳಂತೆ ಎಂದು ಶಿಫ್ಟಿನವರು ನನ್ನನ್ನು ಕಾಡಿದ್ದೇ ಕಾಡಿದ್ದು. ನನಗೇನೂ ಬೇಜಾರಾಗಲಿಲ್ಲ. ತಲೆ ಬಾಚಿಕೊಳ್ಳದೆ ಫೋಟೋಕ್ಕೆ ನಿಂತೆಯಲ್ಲ, ಅದೊಂದಕ್ಕೆ ಬೇಜಾರಾಯಿತು.

ನಾನು ಕೇಳಿದ್ದು ಒಂದೇ ಪ್ರಶ್ನೆ. ನೈಟ್ರೋಜನ್ ಕೊಡದೆ ಒಂದು ಸಲ ಓಡಿಸಿ ನೋಡಿದೆಯಾ ಎಂದೆ. ಅಷ್ಟಕ್ಕೇ ನಿನಗೆ ಮೂಗಿನ ತುದಿಗೆ ಕೋಪ. ನಿನ್ನ ಓದು ನನಗಿಲ್ಲ, ಒಪ್ಪಿದೆ. ಆದರೆ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಮಾಡುತ್ತಿರುವುದು ಅದೇ ಕೆಲಸ. ಬಾಟಲಿಯಲ್ಲಿ ಬಂದ ನೀರಿಗೆ ಎರಡು ಬಗೆಯ ದ್ರವ ಹನಿಸಿ, ಒಂದು ಗಂಟೆ ಕತ್ತಲಲ್ಲಿಟ್ಟು, ನೀಲಿಯಾಯಿತೇ ಎಂದು ನೋಡುವುದು. ನೀಲಿಯಾದರೆ ಅಮೋನಿಯಾ ಇದೆ. ನೀನೂ ಅದೇ ಪರೀಕ್ಷೆ ಮಾಡುತ್ತೀಯ ಎಂದು ನೀನೇ ಹೇಳಿದ್ದೆ. ಆ ನೀಲಿ ಎಷ್ಟು ಸುಳ್ಳು ಹೇಳುತ್ತದೆ ಎಂದು ನನಗೆ ಗೊತ್ತು. ಬಾಟಲಿಯ ಮೇಲೆ ಉಸಿರು ಬಿಟ್ಟರೂ ನೀಲಿ, ನೆಲ ಒರೆಸಿದ ನೀರಿನ ಆವಿಗೂ ನೀಲಿ, ಬೆವರಿದ ಕೈಗವಸಿಗೂ ನೀಲಿ. ಅದು ಬರಬಾರದ ಕಡೆ ಬರುವುದಿಲ್ಲ ಎಂದು ಮೊದಲು ತೋರಿಸಬೇಕು, ಆಮೇಲೆ ಕುಣಿದಾಡಬೇಕು.

ಉತ್ತರ ಬರೆ. ಫೋನ್ ಮಾಡಬೇಡ.

ಅಕ್ಕ


ಮಾರ್ಚ್ 15

ಅಕ್ಕ,

ನಿನ್ನ ಕಾಗದ ಹರಿಯಲಿಲ್ಲ. ಹರಿಯಲು ಎರಡು ಕೈ ಬಿಡುವಿರಬೇಕು, ನನಗೆ ಈ ತಿಂಗಳು ಒಂದು ಕೈಗೂ ಬಿಡುವಿಲ್ಲ.

ಉಸಿರು, ಬೆವರು, ನೆಲ ಒರೆಸುವ ನೀರು ಎಲ್ಲವೂ ನಮಗೆ ಗೊತ್ತಿದೆ, ತಾಯಿ. ನಮ್ಮ ಲ್ಯಾಬಿನ ಕಸ ಗುಡಿಸುವವರಿಗೂ ಗೊತ್ತಿದೆ. ನೈಟ್ರೋಜನ್ ಇಲ್ಲದೆ ಖಂಡಿತ ಓಡಿಸಿದ್ದೇವೆ, ಒಂದಲ್ಲ, ನಲವತ್ತು ಸಲ. ನೈಟ್ರೋಜನ್ ಬದಲು ಆರ್ಗಾನ್ ಕೊಟ್ಟೆವು. ಆರ್ಗಾನಿನಿಂದ ಅಮೋನಿಯಾ ಆಗಲು ಸಾಧ್ಯವೇ ಇಲ್ಲ. ನೀಲಿ ಬರಲಿಲ್ಲ, ನಲವತ್ತು ಸಲವೂ ನೀರು ನೀರಾಗಿಯೇ ಇತ್ತು. ಸಮಾಧಾನವಾಯಿತೇ?

ನಾನೇನು ಮಾಡುತ್ತಿದ್ದೇನೆ ಎಂದು ಸರಿಯಾಗಿ ಹೇಳಲು ನೀನು ಫೋನಿನಲ್ಲಿ ಬಿಟ್ಟರೆ ತಾನೆ? ನಿಮ್ಮಲ್ಲಿ ಕಬ್ಬಿಣದ ಕ್ಯಾಟಲಿಸ್ಟ್ ಇಟ್ಟು, ನಾನೂರೈವತ್ತು ಡಿಗ್ರಿ ಕಾಯಿಸಿ, ಮೈಮೇಲೆ ಬೆಟ್ಟ ಹೇರಿದಷ್ಟು ಒತ್ತಡ ಕೊಟ್ಟು ಗಾಳಿಯ ನೈಟ್ರೋಜನ್ನನ್ನು ಮಣಿಸುತ್ತೀರಿ. ಅದಕ್ಕೆ ಎಷ್ಟು ಅನಿಲ ಉರಿಯುತ್ತದೆ ಎಂದು ನಿನ್ನ ಚಿಮಣಿಯನ್ನೇ ಕೇಳು. ನಾವು ನಿಕ್ಕಲಿನ ಸ್ಪಂಜಿನಂಥ ತುಂಡಿಗೆ ಕಬ್ಬಿಣ, ಮಾಲಿಬ್ಡಿನಮ್ ಲೇಪಿಸಿ ಉಪ್ಪು ಬೆರೆಸಿದ ನೀರಿನಲ್ಲಿ ಮುಳುಗಿಸುತ್ತೇವೆ. ನೈಟ್ರೋಜನ್ ಗುಳ್ಳೆ ಬಿಟ್ಟು ಕರೆಂಟು ಹರಿಸುತ್ತೇವೆ. ಕೋಣೆಯ ಬಿಸಿಗಿಂತ ಹೆಚ್ಚು ಬಿಸಿ ಬೇಡ. ಆ ಕರೆಂಟು ಗಾಳಿಯಂತ್ರದ್ದಾಗಲಿ ಬಿಸಿಲಿನದ್ದಾಗಲಿ, ಹೊಗೆ ಎಂಬುದೇ ಇಲ್ಲ.

ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟಿಲ್ಲ. ಬೆಳಿಗ್ಗೆ ಹೊಸ ತುಂಡು ಹಾಕಿದಾಗ ಚೆನ್ನಾಗಿ ಅಮೋನಿಯಾ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ತುಂಡು ಸುಸ್ತಾಗುತ್ತದೆ. ಮರುದಿನ ಇನ್ನೊಂದು ಹಾಕಬೇಕು. ಸುಸ್ತು ಯಾಕೆ ಎಂಬುದೇ ಮುಂದಿನ ಸಂಶೋಧನೆ. ಜೂನ್ ಇಪ್ಪತ್ತಕ್ಕೆ ಸಮಿತಿ ನೋಡಲು ಬರುತ್ತದೆ. ಅವರು ತಲೆಯಾಡಿಸಿದರೆ ನನ್ನ ಕೆಲಸ ಕಾಯಂ. ಎಂಟು ವರ್ಷದಿಂದ ಪ್ರತಿ ವರ್ಷ ಪ್ರೊಫೆಸರ ಬಾಗಿಲ ಮುಂದೆ ನಿಂತು, ಇನ್ನೊಂದು ವರ್ಷ ಇರಲೇ ಸರ್ ಎಂದು ಕೇಳಿದವಳು ನಾನು. ವಯಸ್ಸು ನಲವತ್ತೊಂದಾಯಿತು. ದಯವಿಟ್ಟು ಜೂನ್‌ವರೆಗೆ ತಲೆ ತಿನ್ನಬೇಡ.

ತಲೆ ಬಾಚಿಕೊಂಡೇ ನಿಂತಿದ್ದೆ. ಅದು ಹಾಗೆಯೇ ಇರುವುದು.

ತಂಗಿ


ಮಾರ್ಚ್ 24

ಮೊಂಡಿ,

ಒಳ್ಳೆಯ ಕಾಗದ. ಎರಡು ಸಲ ಓದಿದೆ. ಎರಡನೆಯ ಸಲ ಓದುವಾಗ ಸುಸ್ತು ಎಂಬ ಮಾತಿನ ಕೆಳಗೆ ಗೆರೆ ಎಳೆದೆ.

ನಮ್ಮ ಕುಲುಮೆಯಲ್ಲಿರುವ ಕ್ಯಾಟಲಿಸ್ಟ್ ತುಂಬಿಸಿ ಹನ್ನೊಂದು ವರ್ಷವಾಯಿತು. ಹಗಲೂ ರಾತ್ರಿ ದುಡಿಯುತ್ತಿದೆ. ನಿನ್ನದು ಊಟದ ಹೊತ್ತಿಗೆ ಸುಸ್ತಾಗುತ್ತದೆ. ಇದು ಕ್ಯಾಟಲಿಸ್ಟೋ ನಮ್ಮ ಸೂಪರ್‌ವೈಸರೋ? ಕ್ಯಾಟಲಿಸ್ಟ್ ಎಂದರೆ ಕೆಲಸ ಮಾಡಿಸಿ ತಾನು ಖರ್ಚಾಗದೆ ಉಳಿಯುವುದು ಎಂದು ನೀನು ಶಾಲೆಯಲ್ಲಿದ್ದಾಗ ನಿನಗೆ ಬಾಯಿಪಾಠ ಮಾಡಿಸಿದವಳೇ ನಾನು. ಬೆಳಿಗ್ಗೆ ಇದ್ದು ಮಧ್ಯಾಹ್ನ ಇಲ್ಲವಾಗುವುದು ಖರ್ಚಾಗುವ ವಸ್ತು. ಆ ತುಂಡಿನ ಜೊತೆ ಏನೋ ಬರುತ್ತಿದೆ, ಅದು ಅಮೋನಿಯಾ ಆಗಿ ಮುಗಿದುಹೋಗುತ್ತಿದೆ.

ಕೋಪ ಮಾಡಿಕೊಳ್ಳಬೇಡ, ಒಂದೇ ಒಂದು ಕೇಳುತ್ತೇನೆ. ಆ ನಲವತ್ತು ಸಲ ಆರ್ಗಾನ್ ಕೊಟ್ಟೆವು ಎಂದೆಯಲ್ಲ. ಹೊಸ ತುಂಡಿಗೆ ಕೊಟ್ಟಿರೋ, ಬೆಳಿಗ್ಗೆ ನೈಟ್ರೋಜನ್ನಿನಲ್ಲಿ ದುಡಿದು ಸುಸ್ತಾದ ತುಂಡಿಗೆ ಕೊಟ್ಟಿರೋ? ಯಾವುದು ಮೊದಲು, ಯಾವುದು ಆಮೇಲೆ?

ನಮ್ಮಲ್ಲಿ ಯಾವತ್ತೂ ಖಾಲಿ ಪರೀಕ್ಷೆ, ಎಂದರೆ ಅಮೋನಿಯಾ ಇರಲಾರದ ನೀರಿನ ಪರೀಕ್ಷೆ, ಮೊದಲು. ನನಗೆ ಕೆಲಸ ಕಲಿಸಿದ ಹಿರಿಯರು ಅದನ್ನು ತಪ್ಪಿಸಿದರೆ ಕಿವಿ ಹಿಂಡುತ್ತಿದ್ದರು, ನಿಜವಾಗಿಯೂ ಹಿಂಡುತ್ತಿದ್ದರು.

ಅಕ್ಕ


ಏಪ್ರಿಲ್ 2

ಅಕ್ಕ,

ಬೆಳಿಗ್ಗೆ ನೈಟ್ರೋಜನ್, ಮಧ್ಯಾಹ್ನ ಆರ್ಗಾನ್, ಅದೇ ತುಂಡು. ಬೇರೆ ತುಂಡು ಬಳಸಿದರೆ ಹೋಲಿಕೆ ಸರಿಯಾಗುವುದಿಲ್ಲ ಎಂದು ಬೇಕೆಂತಲೇ ಹಾಗೆ ಮಾಡಿದ್ದು. ಪ್ರೊಫೆಸರು ಒಪ್ಪಿದ್ದಾರೆ. ಜರ್ನಲ್ಲಿನ ಪರಿಶೀಲಕರು ಮೂವರು ಒಪ್ಪಿದ್ದಾರೆ. ಅಚ್ಚೂ ಆಗಿದೆ. ಅವರಿಗೆಲ್ಲ ಹೊಳೆಯದ್ದು ಬಾಟಲಿ ತೊಳೆಯುವ ನಿನಗೆ ಹೊಳೆಯಿತು, ಅಲ್ಲವೇ?

ನಿನ್ನ ಹೆದರಿಕೆ ಏನೆಂದು ನನಗೆ ಅರ್ಥವಾಗುವುದಿಲ್ಲ ಎಂದುಕೊಳ್ಳಬೇಡ. ನನ್ನದು ನಿಜವಾದರೆ ನಿನ್ನ ಕುಲುಮೆ ಬೇಡವಾಗುತ್ತದೆ, ನೀನೂ ಬೇಡವಾಗುತ್ತೀಯ. ಅದಕ್ಕೇ ಈ ಕಾಲು ಕೆರೆಯುವುದೆಲ್ಲ. ಸಾಕಾಗಿಹೋಗಿದೆ. ನಾನು ಏನು ಮಾಡಿದರೂ ಅದರಲ್ಲೊಂದು ಕೂದಲು ಹುಡುಕುವುದು ನಿನಗೆ ಚಟ. ಒಂದು ಸಲ, ಒಂದೇ ಸಲ, ಚೆನ್ನಾಗಿ ಮಾಡಿದ್ದೀಯ ಎಂದಿದ್ದರೆ ನಿನ್ನ ನಾಲಿಗೆ ಸವೆದುಹೋಗುತ್ತಿತ್ತೇ?

ಜೂನ್ ಕಳೆಯುವವರೆಗೆ ಬರೆಯಬೇಡ.

ತಂಗಿ


ಮೇ 19

ಮೊಂಡಿ,

ಬರೆಯಬೇಡ ಎಂದೆ. ಒಂದೂವರೆ ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ನಿನ್ನ ಭಾವ ಮಧ್ಯಸ್ಥಿಕೆಗೆ ಬಂದರು, ಅವರನ್ನೂ ಗದರಿಸಿ ಕಳಿಸಿದೆ. ಇನ್ನು ಆಗುವುದಿಲ್ಲ.

ಬಾಟಲಿ ತೊಳೆಯುವವಳು ಎಂದದ್ದು ನೋವಾಯಿತು. ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ನನ್ನ ಕೆಲಸ ಹೋಗುತ್ತದೆಂದು ನಿನ್ನ ಕೆಲಸ ಕೆಡಿಸುತ್ತಿದ್ದೇನೆ ಎಂದೆಯಲ್ಲ, ಅದಕ್ಕೆ. ಆ ಸುದ್ದಿಯನ್ನು ಕತ್ತರಿಸಿ ಕ್ಯಾಂಟೀನಿನ ಗೋಡೆಗೆ ಅಂಟಿಸಿದವಳು ನಾನೇ. ಯಾರೋ ಕಿತ್ತುಹಾಕಿದರು, ಮತ್ತೆ ಅಂಟಿಸಿದೆ. ಈ ಕುಲುಮೆ ಆರಬೇಕೆಂದು ನನ್ನಷ್ಟು ಬಯಸಿದವರು ಇಲ್ಲಿ ಯಾರೂ ಇಲ್ಲ. ಯಾಕೆಂದು ನಿನಗೆ ಹೇಳಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ.

ಹದಿನೆಂಟು ವರ್ಷದ ಹಿಂದೆ, ನಾನು ಸೇರಿ ನಾಲ್ಕನೇ ವರ್ಷ. ಕುಲುಮೆಯನ್ನು ತಂಪು ಮಾಡುವ ನೀರಿನಲ್ಲಿ ಅಮೋನಿಯಾ ಇರಬಾರದು. ಇದ್ದರೆ ಒಳಗೆಲ್ಲೋ ಕೊಳವೆ ತೂತಾಗಿದೆ ಎಂದರ್ಥ. ಒಂದು ಬೆಳಿಗ್ಗೆ ಆ ನೀರು ನೀಲಿ ಬಂತು. ತೀರಾ ತೆಳು ನೀಲಿ. ಆಗ ತಾನೆ ನೆಲ ಒರೆಸಿ ಹೋಗಿದ್ದರು, ಅದರದ್ದೇ ಎಂದುಕೊಂಡೆ. ಹೊಸ ಬಾಟಲಿ ತರಿಸಿ ಮಧ್ಯಾಹ್ನ ಮತ್ತೆ ಮಾಡಿದೆ, ನೀಲಿ ಇರಲಿಲ್ಲ. ಮಧ್ಯಾಹ್ನದ್ದನ್ನು ಬರೆದೆ, ಬೆಳಗಿನದ್ದನ್ನು ಬರೆಯಲಿಲ್ಲ. ನೀಲಿ ಎಂದು ಬರೆದರೆ ಇಡೀ ಕಾರ್ಖಾನೆ ನಿಲ್ಲಿಸಬೇಕಿತ್ತು. ಸೇರಿ ನಾಲ್ಕು ವರ್ಷವಾಗದ ಹುಡುಗಿ ನೆಲ ಒರೆಸಿದ ನೀರಿಗೆ ಕಾರ್ಖಾನೆ ನಿಲ್ಲಿಸಿದಳು ಎಂದು ನಗುತ್ತಾರೆಂದು ನನಗೆ ಹೆದರಿಕೆ.

ಎರಡು ದಿನದ ಮೇಲೆ ಆ ಕೊಳವೆ ಒಡೆಯಿತು. ಪಕ್ಕದ ಮುಚ್ಚಳ ಬಿಗಿಯುತ್ತಿದ್ದ ಫಿಟ್ಟರಣ್ಣನ ಮುಖಕ್ಕೆ ಅಮೋನಿಯಾ ನೇರವಾಗಿ ಹೊಡೆಯಿತು. ಒಂದು ಕಣ್ಣು ಹೋಯಿತು. ಒಂದು ಕಣ್ಣಿನವರಿಗೆ ಫಿಟ್ಟಿಂಗ್ ಕೆಲಸ ಕೊಡುವುದಿಲ್ಲವಲ್ಲ, ನೀರಿನ ಬಾಟಲಿ ತುಂಬಿಸಿ ಲ್ಯಾಬಿಗೆ ತರುವ ಕೆಲಸ ಕೊಟ್ಟರು. ನನ್ನ ಮೇಜಿಗೆ. ದಿನಾ ಹತ್ತು ಗಂಟೆಗೆ ಬರುತ್ತಾರೆ, ಊಟಕ್ಕೆ ಏನಮ್ಮ ಎಂದು ಕೇಳುತ್ತಾರೆ, ಬಾಟಲಿಗಳನ್ನು ಸಾಲಾಗಿಟ್ಟು ಹೋಗುತ್ತಾರೆ. ಅವರಿಗೆ ಇದು ಗೊತ್ತಿಲ್ಲ.

ನನಗೆ ನೀಲಿ ಬೇಡವಾಗಿತ್ತು, ಬೇಡವಾದದ್ದನ್ನು ಬಿಟ್ಟೆ. ನಿನಗೆ ನೀಲಿ ಬೇಕಾಗಿದೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಪಡುವಷ್ಟು ಪುರುಸೊತ್ತು ನನಗಿಲ್ಲ. ಒಂದು ಬೆಳಿಗ್ಗೆ, ಹೊಸ ತುಂಡಿಗೆ, ಮೊದಲು ಆರ್ಗಾನ್ ಕೊಡು. ಅರ್ಧ ದಿನದ ಕೆಲಸ. ನೀಲಿ ಬರದಿದ್ದರೆ ಬಂದು ನಿನ್ನ ಕಾಲು ಹಿಡಿಯುತ್ತೇನೆ, ಚೆನ್ನಾಗಿ ಮಾಡಿದ್ದೀಯ ಎಂದು ನಾಲಿಗೆ ಸವೆಯುವಷ್ಟು ಹೇಳುತ್ತೇನೆ.

ಅಕ್ಕ


ಜೂನ್ 8

ಅಕ್ಕ,

ನಿನ್ನ ಕಾಗದ ಬಂದು ಹತ್ತು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ನಿನ್ನ ಮಾತು ಸುಳ್ಳೆಂದು ತೋರಿಸಲಿಕ್ಕೇ ಆ ಪರೀಕ್ಷೆ ಮಾಡಿದೆ. ಭಾನುವಾರ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ. ಹೊಸ ತುಂಡು, ತೊಳೆದ ಗಾಜು, ಆರ್ಗಾನ್. ಮೂರು ಗಂಟೆ ಓಡಿಸಿದೆ. ದ್ರವ ಹನಿಸಿ ಬೀರುವಿನೊಳಗಿಟ್ಟು, ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಒಂದು ಗಂಟೆಯ ಮೇಲೆ ಬಾಗಿಲು ತೆಗೆದರೆ ನೀಲಿ. ತೆಳುವೂ ಅಲ್ಲ, ಗಟ್ಟಿ ನೀಲಿ, ನಮ್ಮ ಅಚ್ಚಾದ ಲೇಖನದಲ್ಲಿರುವಷ್ಟೇ.

ಕಾರಣವೂ ಸಿಕ್ಕಿತು. ಎಂಥ ಪೆದ್ದುತನ ಎಂದರೆ ಬರೆಯಲು ಕೈ ಬರುವುದಿಲ್ಲ. ಆ ಲೇಪ ಮಾಡುವುದು ಕಬ್ಬಿಣದ ನೈಟ್ರೇಟ್ ದ್ರವದಲ್ಲಿ ಅದ್ದಿ, ಒಲೆಯಲ್ಲಿ ಸುಟ್ಟು. ಸುಟ್ಟಾಗ ನೈಟ್ರೇಟ್ ಎಲ್ಲ ಹೋಗುತ್ತದೆ ಎಂದುಕೊಂಡಿದ್ದೆವು. ಸ್ಪಂಜಿನ ತೂತುಗಳ ಒಳಗೆ ಅದು ಉಳಿದಿದೆ, ಅದರಲ್ಲೂ ನೈಟ್ರೋಜನ್ ಇದೆ. ಕರೆಂಟು ಕೊಟ್ಟೊಡನೆ ಆ ನೈಟ್ರೇಟ್ ಅಮೋನಿಯಾ ಆಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಅದನ್ನೇ ಸುಸ್ತು ಎಂದು ಕರೆದು ಎರಡು ವರ್ಷ ಉಪಚಾರ ಮಾಡಿದೆವು. ಗಾಳಿಯಿಂದ ಏನೂ ಬಂದಿಲ್ಲ. ನಾವೇ ಹಾಕಿದ್ದನ್ನು ನಾವೇ ವಾಪಸು ತೆಗೆದು ಲೋಕಕ್ಕೆ ತೋರಿಸಿದ್ದೇವೆ.

ನಿನ್ನೆ ಪ್ರೊಫೆಸರಿಗೆ ಹೇಳಿದೆ. ಅವರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಇಪ್ಪತ್ತನೇ ತಾರೀಕು ಸಮಿತಿ ಬಂದು ಹೋಗಲಿ, ಆಮೇಲೆ ನಿಧಾನವಾಗಿ ಒಂದು ತಿದ್ದುಪಡಿ ಕಳಿಸೋಣ ಎಂದರು. ಅಷ್ಟರಲ್ಲಿ ನನ್ನ ಕೆಲಸ ಕಾಯಂ ಆಗಿರುತ್ತದೆ. "ಆಮೇಲೆ ಹೇಳಿದರೂ ಸತ್ಯ ಸತ್ಯಾನೇ ಅಲ್ವಾ?" ಎಂದರು. ಅವರು ಕೆಟ್ಟವರಲ್ಲ ಅಕ್ಕ. ನನಗಾಗಿಯೇ ಹೇಳಿದ್ದು. ನನಗೂ ಅದೇ ಸರಿ ಅನಿಸುತ್ತಿದೆ, ಹನ್ನೆರಡೇ ದಿನ ತಾನೆ?

ಫಿಟ್ಟರಣ್ಣನ ವಿಷಯಕ್ಕೆ ಏನು ಬರೆಯಬೇಕೋ ತಿಳಿಯಲಿಲ್ಲ. ಬಾಟಲಿಯ ಮಾತಿಗೆ ನನ್ನನ್ನು ಕ್ಷಮಿಸು.

ಮೊಂಡಿ


ಜೂನ್ 12

ಮೊಂಡಿ,

ನಾನೂ ಎರಡೇ ದಿನ ತಾನೆ ಎಂದುಕೊಂಡಿದ್ದೆ.

ಅಕ್ಕ


ಜೂನ್ 27

ಅಕ್ಕ,

ಐದು ಪದದ ಕಾಗದ ಬರೆಯಲು ಅಂಚೆಚೀಟಿ ಯಾಕೆ ದಂಡ ಮಾಡಿದೆ? ಆ ಒಂದು ಸಾಲನ್ನು ಬೈದುಕೊಂಡು ಮೂರು ದಿನ ನಿದ್ದೆ ಕೆಡಿಸಿಕೊಂಡೆ.

ಇಪ್ಪತ್ತನೇ ತಾರೀಕು ಸಮಿತಿಯ ಐವರು ಬಂದರು. ಉದ್ದ ಮೇಜು, ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು. ನನ್ನ ಬಲಗಡೆ ಪ್ರೊಫೆಸರು. ಮೊದಲ ಚಿತ್ರ ಪರದೆಯ ಮೇಲೆ ಹಾಕಿದೆ: ಬೆಳಿಗ್ಗೆ ಇಷ್ಟು ಅಮೋನಿಯಾ, ಮಧ್ಯಾಹ್ನ ಇಷ್ಟು. ಅವರು ತಲೆಯಾಡಿಸಿದರು. ಎರಡನೆಯ ಚಿತ್ರ ಭಾನುವಾರದ್ದು. ಇದು ಆರ್ಗಾನ್ ಎಂದೆ. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಕೊನೆಯಲ್ಲಿ ಕೂತ ಹೆಂಗಸು ಪೆನ್ನು ಕೆಳಗಿಟ್ಟರು. "ಹಾಗಾದ್ರೆ ನಿಮ್ಮ ಲೇಖನ ತಪ್ಪು ಅಂತ ನೀವೇ ಹೇಳ್ತಿದ್ದೀರಾ?" ಎಂದು ಕೇಳಿದರು. ಹೌದು ಎಂದೆ, ವಾಪಸು ತೆಗೆದುಕೊಳ್ಳುವುದಾಗಿ ಬೆಳಿಗ್ಗೆಯೇ ಜರ್ನಲ್ಲಿಗೆ ಬರೆದಿದ್ದೇನೆ ಎಂದೆ. ಪ್ರೊಫೆಸರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಲೇಖನದಲ್ಲಿ ಅವರ ಹೆಸರೂ ಇತ್ತಲ್ಲ.

ಕೆಲಸ ಕಾಯಂ ಆಗಲಿಲ್ಲ. ಡಿಸೆಂಬರ್‌ವರೆಗೆ ಇರಬಹುದಂತೆ, ಅದೂ ಮೂಲೆಯ ಚಿಕ್ಕ ಕೋಣೆಯಲ್ಲಿ. ನನ್ನ ಮೇಜು ಈಗಾಗಲೇ ಅಲ್ಲಿಗೆ ಹೋಗಿದೆ. ಕಾರಿಡಾರಿನಲ್ಲಿ ಜನ ನನ್ನನ್ನು ಕಂಡರೆ ಗೋಡೆಯ ಸೂಚನಾಫಲಕ ಓದತೊಡಗುತ್ತಾರೆ. ಅದರಲ್ಲಿ ಓದಲು ಏನಿದೆಯೋ ಕಾಣೆ, ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದೊಂದೇ ಇದೆ.

ನನಗೆ ಹಗುರವಾಯಿತು, ಮನಸ್ಸು ತಿಳಿಯಾಯಿತು ಎಂದೆಲ್ಲ ಬರೆಯುತ್ತೇನೆ ಎಂದುಕೊಂಡಿದ್ದರೆ ಇಲ್ಲ. ಹೊಟ್ಟೆ ಉರಿಯುತ್ತಿದೆ. ಎಂಟು ವರ್ಷ ನೀರಲ್ಲಿ ಹೋಮ ಮಾಡಿದ ಹಾಗಾಯಿತು. ಹೊಸ ತುಂಡನ್ನು ಈಗ ನೈಟ್ರೇಟ್ ಇಲ್ಲದೆ ಮಾಡುತ್ತಿದ್ದೇನೆ, ಬೆಳಿಗ್ಗೆ ಮೊದಲು ಆರ್ಗಾನ್. ಎರಡು ಅನಿಲಕ್ಕೂ ನೀಲಿ ಇಲ್ಲ. ಅಂದರೆ ಲೆಕ್ಕ ಸರಿಯಿದೆ, ಅಮೋನಿಯಾ ಮಾತ್ರ ಇಲ್ಲ. ಡಿಸೆಂಬರ್‌ವರೆಗೆ ಬೇರೆ ಬೇರೆ ಲೋಹ ಹಾಕಿ ನೋಡುತ್ತೇನೆ.

ಇನ್ನೊಂದು ಮಾತು. ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಸಿಟ್ಟು ಇಳಿದ ಮೇಲೆ ಬರೆಯಲಾರೆ. ಐದು ಜನರ ಮುಂದೆ ನನ್ನಿಂದ ಹೇಳಿಸಿದೆ. ನೀನು ಹೇಳಬೇಕಾದದ್ದು ಒಬ್ಬರಿಗೆ. ಅವರು ದಿನಾ ಹತ್ತು ಗಂಟೆಗೆ ನಿನ್ನ ಮೇಜಿಗೇ ಬರುತ್ತಾರೆ.

ಮೊಂಡಿ


ಜುಲೈ 16

ಮೊಂಡಿ,

ನಿನ್ನ ಕಾಗದ ಓದಿ ಮೊದಲು ಬೈದೆ. ದೊಡ್ಡವರಿಗೆ ಬುದ್ಧಿ ಹೇಳಲು ಬಂದಳು ಎಂದೆ. ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರೆ, ಈಗ ಹೇಳಿ ಯಾರಿಗೇನು ಸಿಗುತ್ತದೆ ಎಂದು ನಿನ್ನ ಭಾವನ ಎದುರು ವಾದ ಮಾಡಿದೆ. ಆ ವಾದಕ್ಕಾಗಿ ಅವರಿಗೂ ಎಲ್ಲ ಹೇಳಬೇಕಾಯಿತು. ಅವರು ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮನುಷ್ಯ ಒಲೆ ಹಚ್ಚಿದ್ದು ನಾನು ಕಂಡಿರಲಿಲ್ಲ.

ಮೊದಲು ನಿನ್ನದು. ನೀನು ಐದು ಜನರ ಮುಂದೆ ಎದ್ದು ನಿಂತದ್ದು ಚೆನ್ನಾಗಿ ಮಾಡಿದೆ. ಕೇಳಿಸಿತೇ? ಚೆನ್ನಾಗಿ ಮಾಡಿದೆ. ಓದಿ ಅತ್ತೆ. ಕೆಲಸ ಹೋದದ್ದಕ್ಕೆ ಹೊಟ್ಟೆ ಉರಿಯುತ್ತದೆ, ನನಗೂ ಉರಿಯುತ್ತದೆ. ಎರಡು ಅನಿಲಕ್ಕೂ ನೀಲಿ ಬರದ ಆ ಎರಡು ಸೊನ್ನೆಗಳನ್ನು ದಿನಾಂಕ ಹಾಕಿ ಬರೆದಿಡು.

ಇನ್ನು ನನ್ನದು. ಸೋಮವಾರ ಹತ್ತು ಗಂಟೆಗೆ ಫಿಟ್ಟರಣ್ಣ ಬಂದರು. ಅವರು ಬಾಟಲಿ ಇಡುವಾಗ ಕತ್ತು ಒಂದು ಕಡೆ ವಾಲಿಸುತ್ತಾರೆ, ಮೇಜಿನ ಅಂಚು ಎಲ್ಲಿದೆ ಎಂದು ಇರುವ ಕಣ್ಣಿನಲ್ಲಿ ಅಂದಾಜು ಮಾಡಲು. ಕೂತುಕೊಳ್ಳಿ ಎಂದೆ. ಹೊತ್ತಾಯಿತಮ್ಮ ಎಂದು ನಿಂತೇ ಇದ್ದರು. ನಾನೂ ಎದ್ದು ನಿಂತೆ. "ಆ ಕೊಳವೆ ಒಡೆಯೋ ಮುಂಚೆ ನೀರಲ್ಲಿ ನೀಲಿ ಬಂದಿತ್ತು. ನಾನು ಬರೀಲಿಲ್ಲ" ಎಂದೆ. 

ಅವರು ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟರು. "ಎಷ್ಟು ದಿನ ಮುಂಚೆ?" ಎಂದು ಕೇಳಿದರು. ಎರಡು ದಿನ ಎಂದೆ. ಉಳಿದ ಬಾಟಲಿಗಳನ್ನು ಒಂದೊಂದಾಗಿ ಸಾಲಿಗಿಟ್ಟು, ಚೀಟಿ ಕಾಣುವ ಹಾಗೆ ತಿರುಗಿಸಿ ಹೊರಟುಹೋದರು. ಊಟಕ್ಕೆ ಏನು ಎಂದು ಕೇಳಲಿಲ್ಲ.

ಮಂಗಳವಾರ ಬರಲಿಲ್ಲ. ಬುಧವಾರ ಅವರ ವಿಭಾಗದಿಂದ ಚೀಟಿ ಬಂತು, ಅವರು ಬೇರೆ ಕೆಲಸ ಕೇಳಿದ್ದಾರೆ, ಸದ್ಯಕ್ಕೆ ನೀರಿನ ಬಾಟಲಿಗಳನ್ನು ಲ್ಯಾಬಿನವರೇ ತುಂಬಿಸಿಕೊಳ್ಳತಕ್ಕದ್ದು ಎಂದು. ಕ್ಯಾಂಟೀನಿನಲ್ಲಿ ಎದುರಾದರು. ನನ್ನನ್ನು ನೋಡಿ ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಸಿಟ್ಟಿನಿಂದಲೋ ಬೇಸರದಿಂದಲೋ ನನಗೆ ತಿಳಿಯದು, ಕೇಳುವ ಹಕ್ಕೂ ನನಗಿಲ್ಲ. ಮೇಲಿನವರಿಗೂ ಎಲ್ಲವನ್ನೂ ಬರೆದು ಕೊಟ್ಟಿದ್ದೇನೆ. ಏನು ಮಾಡುತ್ತಾರೋ ಮಾಡಲಿ.

ಹೀಗಾಗಿ ಬುಧವಾರದಿಂದ ನಾನೇ ಬಾಟಲಿ ಹಿಡಿದು ಹೋಗುತ್ತಿದ್ದೇನೆ. ಆ ನೀರು ಸಿಗುವುದು ಕುಲುಮೆಯ ಬಿಸಿನೀರನ್ನು ತಣಿಸುವ ತಂಪುಗೋಪುರದ ಮೇಲೆ. ಹೊರಗಡೆ ಕಬ್ಬಿಣದ ಮೆಟ್ಟಿಲು, ಕಡಿದಾಗಿದೆ, ಸದಾ ಒದ್ದೆ, ಕೆಲವು ಕಡೆ ಹಿಡಿಯಲು ಕಂಬಿಯೂ ಇಲ್ಲ. ಅರ್ಧಕ್ಕೆ ಹೋಗುವಷ್ಟರಲ್ಲಿ ಆವಿ ಕವಿದು ಮುಂದಿನ ಮೆಟ್ಟಿಲು ಎಲ್ಲಿದೆ ಎಂದು ಕಾಣುವುದಿಲ್ಲ, ಕಾಲಿನಲ್ಲಿ ತಡವಬೇಕು. ಎರಡೂ ಕಣ್ಣಿರುವ ನಾನು ಮೊದಲ ದಿನ ಮೂರು ಕಡೆ ಕೂತುಬಿಟ್ಟೆ. ಅವರು ಹದಿನೆಂಟು ವರ್ಷ ದಿನಾ ಇದನ್ನು ಹತ್ತಿ ಇಳಿದು ಬಂದು ನನ್ನನ್ನು ಊಟಕ್ಕೆ ಏನಮ್ಮ ಎಂದು ಕೇಳುತ್ತಿದ್ದರು.

ನಿನ್ನ ಅಕ್ಕ